ದೋಸ್ತ್ ಎನ್ನದ ಬಾಯಿ

ಕರಾಮತ್ ಓಪಾ ನನ್ನ ಬಟ್ಟಲಿಗೆ ಚಹಾ ಹಾಕಿದರೆ ತಳ ಮುಚ್ಚುವಷ್ಟೇ. ಮುಗಿಸು, ಮತ್ತೆ ಹಾಕುತ್ತೇನೆ, ಇನ್ನೂ ಕೂತಿರು ಎಂದು ಅದರ ಅರ್ಥ. ಬಟ್ಟಲು ತುಂಬಿಸಿ ಕೊಡುವುದು ಬೇಡದ ನೆಂಟರಿಗೆ. ಮಾರ್ಗಿಲಾನ್ ಊರಿನ ಆ ಮನೆಯಲ್ಲಿ ನಾನು ಮೂವತ್ತೊಂದು ವರ್ಷ ತಳದ ಚಹಾ ಕುಡಿದವನು. ಅವರು ಹಾಡುವವರು, ನಾನು ಪಕ್ಕದಲ್ಲಿ ಕೂತು ದೊಯಿರಾ ಎಂಬ ತಮಟೆ ಬಡಿಯುವವನು. ಓಪಾ ಎಂದು ಕರೆದದ್ದು ಸ್ವಂತ ಅಕ್ಕ ಎಂದುಕೊಂಡೇ.

ಹಾಡು ತುತ್ತತುದಿಗೆ ಏರುತ್ತದಲ್ಲ, ಅದನ್ನು ನಾವು ಅವಜ್ ಎನ್ನುತ್ತೇವೆ. ಅಲ್ಲಿ ಪಕ್ಕದವನು 'ದೋಸ್ತ್' ಎಂದು ಕೂಗಬೇಕು. ನಮ್ಮ ಶಭಾಷ್ ಅದೇ. ರೆಕಾರ್ಡಿಗೆ ತುಟಿ ಆಡಿಸುವವರಿಗೆ ಮಾನವಿರುವ ಯಾವ ವಾದ್ಯದವನೂ ದೋಸ್ತ್ ಎನ್ನುವುದಿಲ್ಲ. ಈಗಿನ ಹುಡುಗಿಯರು ಮದುವೆಗಳಲ್ಲಿ 'ಪ್ಲಸ್' ಹಾಕಿಸಿ ಕುಣಿಯುತ್ತಾರೆ, ನಾನು ಬಾಯಿಗೆ ಬೀಗ ಹಾಕಿಕೊಂಡು ಬಡಿಯುತ್ತೇನೆ. ಪ್ಲಸ್ ಎಂದರೆ ದನಿಯೂ ಸೇರಿದ ರೆಕಾರ್ಡು. ಮೈನಸ್ ಎಂದರೆ ಬರೀ ವಾದ್ಯ, ಹಾಡು ನಿಮ್ಮ ಗಂಟಲಿಂದಲೇ ಬರಬೇಕು.

ಓಪಾಗೆ ಗಂಟಲಿನ ಆಪರೇಷನ್ ಆಗಿ ಎರಡು ವರ್ಷ. ಮಾತಾಡಿದರೆ ಒಣ ಎಲೆ ತುಳಿದ ಸದ್ದು. ಅಂಥದ್ದರಲ್ಲಿ ರೇಷ್ಮೆ ವ್ಯಾಪಾರದ ತುರ್ಸುನಲಿ ಬಂದು, ಮಗನ ಮದುವೆಗೆ ಒಂದೇ ಒಂದು ಹಾಡು ಎಂದು ಪಟ್ಟು ಹಿಡಿದು ಕೂತ.

"ನನ್ ಮದ್ವೇಲೂ ನೀವೇ ಹಾಡಿದ್ದು ಓಪಾ. ಸುಮ್ನೆ ನಿಂತು ತುಟಿ ಆಡಿಸಿ, ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲಪ್ಪ," ಎಂದರು ಓಪಾ. "ಮೈನಸ್ ಹಾಕ್ಸು. ಬಂದಷ್ಟು ಹಾಡ್ತೀನಿ."

ಅವನು ಹೋದ ಮೇಲೆ ನಾನು ರೇಗಿದೆ. "ಈ ವಯಸ್ಸಲ್ಲಿ ಯಾಕೆ ಈ ಹಟ? ನಾನೂರು ಜನದ ಮುಂದೆ ದನಿ ಒಡೆದ್ರೆ? ಎಲ್ಲರ ಕೈಲೂ ಫೋನಿದೆ, ಊರೆಲ್ಲ ನಗತ್ತೆ. ಪ್ಲಸ್ ಹಾಕ್ತೀನಿ. ಅದೂ ನಿಮ್ದೇ ದನಿ ತಾನೆ, ಕದ್ದಿದ್ದಲ್ವಲ್ಲ."

"ನಂದಲ್ಲ ಎರ್ಗಶ್‌ಜಾನ್, ಆಗಿನ ಕರಾಮತ್‌ದು. ಅವಳಿಗೆ ನಾನ್ಯಾಕೆ ಬಾಯಿ ಆಡಿಸ್ಲಿ? ಕೊನೇ ಸಲ ನನ್ ಗಂಟಲಲ್ಲೇ ಹಾಡಿ ಮುಗಿಸ್ಬೇಕು. ಒಡೆದ್ರೆ ಒಡೀಲಿ. ನೀನು ಪಕ್ಕದಲ್ಲಿ ಕೂತು ದೋಸ್ತ್ ಅನ್ನು, ಸಾಕು. ಮಾತು ಕೊಡು."

ಕೊಟ್ಟೆ.

ಶನಿವಾರ ಮಧ್ಯಾಹ್ನ, ಪಲಾವಿನ ತಟ್ಟೆಗಳು ಓಡಾಡುವ ಹೊತ್ತಿಗೆ ಓಪಾ ಎದ್ದು ನಿಂತರು. ಲ್ಯಾಪ್‌ಟಾಪು ನನ್ನ ಮೊಣಕಾಲ ಬಳಿ ಇತ್ತು. ಇಪ್ಪತ್ತಾರು ವರ್ಷದ ಹಿಂದಿನ ನಮ್ಮದೇ ರೆಕಾರ್ಡು. ವಾದ್ಯಕ್ಕೆ ಒಂದು ಗುಂಡಿ, ದನಿಗೆ ಇನ್ನೊಂದು. ದನಿಯದನ್ನು ಪೂರ್ತಿ ಇಳಿಸಿಟ್ಟಿದ್ದೆ, ಅಳಿಸಿರಲಿಲ್ಲ. ಯಾಕೆ ಅಳಿಸಲಿಲ್ಲ ಎಂದರೆ ಏನು ಹೇಳಲಿ? ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ, ಅಷ್ಟೆ.

ಕೆಳಸ್ಥಾಯಿಯ ಸಾಲುಗಳನ್ನು ಹಾಡಿದರು. ದನಿ ಒರಟು, ಸ್ವರ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮುಂದಿನ ಮೇಜಿನ ಮುದುಕಿಯೊಬ್ಬಳು ಚಮಚ ಕೆಳಗಿಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು. ಅವಜ್‌ಗೆ ಏರುವಾಗ ದನಿ ಒಮ್ಮೆ ಕೆರೆಯಿತು, ನಿಂತಿತು. ಓಪಾ ನನ್ನ ಕಡೆ ನೋಡಿದರು.

ಮೇಲೆದ್ದ ಫೋನುಗಳು ಕಂಡವು. ಎಡಗೈ ದೊಯಿರಾ ಬಿಟ್ಟು ದನಿಯ ಗುಂಡಿಯನ್ನು ಮೇಲಕ್ಕೆ ತಳ್ಳಿತು.

ಆಗಿನ ಕರಾಮತ್ ಎದ್ದಳು. ಜನ ಚಪ್ಪಾಳೆ ತಟ್ಟಿದರು. ಉಸಿರಿಗಾಗಿ ತೆರೆದಿದ್ದ ಬಾಯನ್ನು ಓಪಾ ಮುಚ್ಚಿದರು. ಆಡಿಸುವ ನಟನೆಯನ್ನೂ ಮಾಡಲಿಲ್ಲ. ದನಿ ತಾನೇ ಏರಿ ತುದಿ ಮುಟ್ಟಿತು. ಆಮೇಲೆ ಸ್ಪೀಕರಿನಿಂದ 'ದೋಸ್ತ್' ಎಂಬ ಕೂಗು ಬಂತು, ನನ್ನದೇ. ಅಂದೂ ಅವರ ಪಕ್ಕದಲ್ಲೇ ಕೂತಿದ್ದೆನಲ್ಲ, ಅವರ ಮೈಕಿನೊಳಗೆ ಸೇರಿಕೊಂಡಿತ್ತು. ಎಷ್ಟು ಸಲ ಕೇಳಿದ್ದರೂ ಅದು ಇರುವುದನ್ನೇ ಮರೆತಿದ್ದೆ, ಮುಟ್ಠಾಳ.

ನಾನು ತುಟಿ ಬಿಗಿದು ಕೂತಿದ್ದನ್ನು ನಾನೂರು ಜನ ಕಂಡರು.

"ದೊಯಿರಾದವನ್ದೂ ಪ್ಲಸ್ಸೇ ಕಣೋ," ಎಂದನೊಬ್ಬ. ಮಂಟಪವೆಲ್ಲ ಗೊಳ್ಳೆಂದಿತು.

ಓಪಾ ಮೈಕನ್ನು ಮೇಜಿನ ಮೇಲಿಟ್ಟರು, ಎದೆಗೆ ಕೈಯಿಟ್ಟು ಬಾಗಿದರು, ಹೋಗಿ ಕೂತರು. ಹಾಡು ತನ್ನಷ್ಟಕ್ಕೆ ಕೊನೆಯವರೆಗೂ ನಡೆಯಿತು. ನಿಲ್ಲಿಸಬೇಕೆಂದೂ ನನಗೆ ಹೊಳೆಯಲಿಲ್ಲ.

ಅವರನ್ನು ಮನೆಯವರೆಗೂ ಬಿಡಲು ಹೋದೆ. ಬಾಗಿಲಲ್ಲಿ ಒಳಗೆ ಬಾ ಎಂದರು. ಎಂದಿನಂತೆ ರೊಟ್ಟಿ ಮುರಿದಿಟ್ಟರು.

"ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ ಓಪಾ," ಎಂದೆ. "ನಿಮ್ ಮರ್ಯಾದೆ ಹೋಗ್ಬಾರ್ದು ಅಂತ…"

"ಉಸಿರು ತಗೊಳ್ಳೋಕೆ ನಿಂತಿದ್ದೆ," ಎಂದರು. "ಮೇಲೆ ಹೋಗ್ತಿದ್ನೋ ಇಲ್ವೋ, ಅದು ಇನ್ನು ನಂಗೂ ಗೊತ್ತಾಗಲ್ಲ. ನೀನೊಬ್ಬ ದೋಸ್ತ್ ಅಂತೀಯ ಅಂತ ನಿನ್ ಕಡೆ ನೋಡ್ದೆ. ನೀನು ಅಂದಿದ್ದು ರೆಕಾರ್ಡಲ್ಲಿರೋ ಆ ಹುಡುಗಿಗೆ."

ಎರಡೂ ಕೈಯಲ್ಲಿ ಬಟ್ಟಲು ಚಾಚಿದೆ. ಓಪಾ ಚಹಾ ಹಾಕಿದರು. ತಳ ಮುಚ್ಚಿತು, ಅವರ ಕೈ ನಿಲ್ಲಲಿಲ್ಲ. ಅರ್ಧವಾಯಿತು. ಅಂಚು ಮುಟ್ಟಿ ನನ್ನ ಬೆರಳುಗಳ ಮೇಲೆ ಬಿಸಿಯಾಗಿ ಇಳಿಯಿತು.

"ಕುಡಿ ಎರ್ಗಶ್," ಎಂದರು. ಜಾನ್ ಎನ್ನಲಿಲ್ಲ.

ನಾನು ಕುಡಿದು ಎದ್ದೆ.