ಜೇನೆಂದು ಬರೆದ ವೈನು

ನಮ್ಮ ಮನೆಯವರು ಯಾವ ಪತ್ರಿಕೆಯ ನೌಕರರೂ ಅಲ್ಲ, ಎಲ್ಲ ಪತ್ರಿಕೆಗಳಿಗೂ ಬರೆಯುವವರು. ಬಂಗಾರಪೇಟೆಯಲ್ಲಿ ಕೂತು ಇವತ್ತು ಹುಣಸೆ ಮಂಡಿಯ ವರದಿ, ನಾಳೆ ಹಳೇ ಕೊಡೆಯ ಮೇಲೊಂದು ಪ್ರಬಂಧ, ನಾಡಿದ್ದು ಕೋಲಾಟದ ಪದಗಳ ಬಗ್ಗೆ ಲೇಖನ ಬರೆದು ಬೆಂಗಳೂರಿಗೆ ಅಂಚೆಗೆ ಹಾಕುತ್ತಿದ್ದರು. ಒಬ್ಬ ಸಂಪಾದಕರು ಪ್ರಬಂಧದ ಕಡೇ ಸಾಲು ಕತ್ತರಿಸಿದರೆಂದು ಆ ಪತ್ರಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪಾಯಿತು ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿಯೇ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ನನ್ನ ತಪ್ಪು, ರೈಲು ತಪ್ಪಿದರೆ ರೈಲಿನ ತಪ್ಪು.

ನನ್ನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅಮ್ಮಾಜಮ್ಮ ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ ಗಣಿ ಸಾಹೇಬರೊಬ್ಬರ ಬಂಗಲೆಯಲ್ಲಿ ಅಡುಗೆಯವಳು. ಬಂಗಲೆಯ ಹಿಂದೆ ಅವಳಿಗೊಂದು ಕೋಣೆ. ಬಿಳಿ ದೊರೆಗಳು ಹೋಗಿ ನಮ್ಮವರೇ ಸಾಹೇಬರಾದರೂ ದೊರೆಸಾನಿ ಕಲಿಸಿದ ಕೆಲಸವನ್ನು ಅವಳು ಬಿಟ್ಟಿರಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಕಪ್ಪು ದ್ರಾಕ್ಷಿ ಹಿಸುಕಿ, ಸಕ್ಕರೆ ಬೆರೆಸಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟು ವೈನು ಮಾಡುತ್ತಿದ್ದಳು. ೧೯೫೮ರ ಕ್ರಿಸ್‌ಮಸ್ಸಿಗೆ ನಾವು ಹೋದಾಗ ಬಿಳಿ ಜಾಡಿ ಬಗ್ಗಿಸಿ ನಮ್ಮವರಿಗೂ ಒಂದು ಲೋಟ ಕೊಟ್ಟಳು. ಹುಟ್ಟಿದಾಗಿನಿಂದ ಮಜ್ಜಿಗೆ, ಕಾಫಿ ಬಿಟ್ಟು ಇನ್ನೊಂದು ಕುಡಿಯದ ಮನುಷ್ಯ ಜಾಡಿಯ ತಳ ಕಾಣುವವರೆಗೂ ಏಳಲಿಲ್ಲ.

ಜನವರಿಯ ಭಾನುವಾರದ ಪುರವಣಿಯಲ್ಲಿ ಲೇಖನ ಬಂತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ವೈನು ಜೇನಿನಂತಿತ್ತೆಂದು ಬರೆದಿದ್ದರು. ಜೊತೆಗೆ ಚಿಕ್ಕಮ್ಮನ ಹೆಸರು, ಊರು, ಬಂಗಲೆಯ ಗುರುತನ್ನೂ ಬರೆದಿದ್ದರು.

"ಅಲ್ಲಾರೀ, ಪರ್ಮಿಟ್ ಇಲ್ದೆ ಮಾಡಿದ್ದು, ಯಾರಾದ್ರೂ ಬಂದು ಚಿಕ್ಕಮ್ಮನ್ನ ಇಡ್ಕೊಂಡ್ರೆ?" ಎಂದೆ.

"ಇದು ಸಂಸ್ಕೃತಿ ಕಣೇ, ಸಾರಾಯಿ ಅಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು.

ಅಬಕಾರಿ ಇನ್ಸ್‌ಪೆಕ್ಟರ್ ಕೋದಂಡಪ್ಪನವರಿಗೆ ಆ ವ್ಯತ್ಯಾಸ ಹೊಳೆಯಲಿಲ್ಲ. ಬರೆದವರನ್ನೂ ಕರೆಸು ಎಂದು ಚಿಕ್ಕಮ್ಮನಿಗೆ ತಾಕೀತು ಮಾಡಿದರು. ಕೇಸು ಬಿದ್ದರೆ ಅವಳ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೋಣೆಯೂ ಹೋಗುತ್ತದೆ. ಊರಿಗಾಂ ಬರುವವರೆಗೂ ರೈಲಿನಲ್ಲಿ ನಾನು ನಮ್ಮವರ ಮುಖ ನೋಡಲಿಲ್ಲ. ಅಷ್ಟು ಸಿಟ್ಟು.

ಚಿಕ್ಕಮ್ಮನ ಕೋಣೆಯಲ್ಲಿ ಇನ್ಸ್‌ಪೆಕ್ಟರು ಪುರವಣಿ ಹಿಡಿದು ಕೂತಿದ್ದರು. ಮುಂದೆ ಒಂದು ಕಂದು ಜಾಡಿ. ಹುಡುಕಿದಾಗ ಸಿಕ್ಕಿದ್ದು ಅದೊಂದೇ. ಲೋಟಕ್ಕೆ ಸುರಿದು ಒಂದು ಗುಟುಕು ಕುಡಿದರು. ಮುಖ ಕಿವುಚಿಕೊಂಡು ಕೆಮ್ಮಿದ್ದೇ ಕೆಮ್ಮಿದ್ದು.

"ಏನಮ್ಮಾ ಇದು?"

"ವಿನಿಗರ್ ಸ್ವಾಮಿ. ದ್ರಾಕ್ಸಿ ಉಳಿ ಬಂದ್ಬಿಡ್ತು, ಉಪ್ಪಿನ್‌ಕಾಯ್ಗೆ ಮಡಗಿವ್ನಿ" ಎಂದಳು ಚಿಕ್ಕಮ್ಮ.

ಅವರು ನಮ್ಮವರ ಕಡೆ ತಿರುಗಿದರು. "ಏನ್ರೀ ಶ್ರೀರಾಮಪ್ಪನೋರೆ, ಜೇನು ಅಂತ ಬರ್ದಿದ್ದೀರಿ. ನೀವು ಕುಡಿದಿದ್ದು ಇದೇನಾ?"

ಇದಲ್ಲ. ನನಗೂ ಗೊತ್ತು, ನಮ್ಮವರಿಗೂ ಗೊತ್ತು. ಅಲ್ಲ ಎಂದರೆ ವೈನು ಮಾಡಿದ್ದು ನಿಜವಾಗುತ್ತದೆ, ಚಿಕ್ಕಮ್ಮ ಬೀದಿಗೆ ಬೀಳುತ್ತಾಳೆ. ಹೌದು ಎಂದರೆ ಇಷ್ಟು ವರ್ಷ ಬರೆದು ಗಳಿಸಿದ ಹೆಸರು ನಗೆಪಾಟಲು. ಅವರು ಜಾಡಿಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. ಒಂದು ಸಾಲಿಗಾಗಿ ಸಂಪಾದಕರನ್ನೇ ಬಿಟ್ಟ ಮನುಷ್ಯ. ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ.

"ಇದೇ ಸ್ವಾಮಿ" ಎಂದರು. "ತಪ್ಪಾಯ್ತು. ನಂಗೆ ವೈನಿಗೂ ವಿನಿಗರ್‌ಗೂ ವ್ಯತ್ಯಾಸ ಗೊತ್ತಿಲ್ಲ."

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದನ್ನೇ ಬರ್ದು ಪೇಪರ್‌ನಲ್ಲಿ ಆಕ್ಸಿ, ಕೇಸ್ ಬ್ಯಾಡ" ಎಂದು ಎದ್ದು ಹೋದರು. ನನಗೆ ಹೋದ ಜೀವ ಬಂದಂತಾಯಿತು. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕೂತಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ನಾನೂ ನಕ್ಕೆ. ನಮ್ಮವರು ಮಾತ್ರ ನಗಲಿಲ್ಲ.

ಆದರೂ ಬರೆದರು. ತಾವು ಹೊಗಳಿದ್ದು ಉಪ್ಪಿನಕಾಯಿಯ ಹುಳಿಯನ್ನೆಂದು ಅವರ ಹೆಸರಿನಲ್ಲೇ ಅಚ್ಚಾಯಿತು. ಬಂಗಾರಪೇಟೆಯ ಹೋಟೆಲಿನಲ್ಲಿ "ಸಾರ್, ಇದು ಕಾಫೀನಾ, ಕಷಾಯಾನಾ, ನೀವೇ ಯೋಳ್ಬೇಕು" ಎಂದು ವರ್ಷವಿಡೀ ಕಿಚಾಯಿಸಿದರು. ಅವರು ಕುಡಿದು, ದುಡ್ಡು ಕೊಟ್ಟು ಬರುತ್ತಿದ್ದರು. ನಾನು ಅವರ ಸಾರಿನ ಬಟ್ಟಲಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕುತ್ತಿದ್ದೆ.

ಮುಂದಿನ ಕ್ರಿಸ್‌ಮಸ್ಸಿಗೆ ಊರಿಗಾಂಗೆ ಹೋದೆವು. ಚಿಕ್ಕಮ್ಮ ಬಾಗಿಲು ಹಾಕಿ ಬಂದು, ಬಿಳಿ ಜಾಡಿಯಿಂದ ಲೋಟ ತುಂಬಿಸಿ ಅವರ ಮುಂದಿಟ್ಟಳು.

"ಅಳಿಯಂದ್ರೇ, ಕುಡ್ದು ಯೋಳಿ. ವೈನಾ, ವಿನಿಗರಾ?"

ಅವರು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಲೋಟ ಖಾಲಿ ಮಾಡಿದರು.

"ಅಪ್ಪಟ ವಿನಿಗರ್ ಅತ್ತೆಮ್ಮ" ಎಂದು ಲೋಟವನ್ನು ಮುಂದಕ್ಕೆ ಚಾಚಿದರು. "ಇನ್ನೊಂದಿಷ್ಟು ಹಾಕಿ."