ಬಾಗಿಲ ಮುಂದೆ ಮಾತಿಲ್ಲದವನು

ಹಾಲಿವುಡ್ ಪಕ್ಕದ ಬರ್ಬ್ಯಾಂಕಿನ ದಿನಸಿ ಅಂಗಡಿಯಲ್ಲಿ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸಿದಳು.

"ನೀವು ನಮ್ಮ ಹಲ್ಲಿನ ಡಾಕ್ಟರಲ್ವಾ?"

"ಟೀವಿಲಿ ಒಂದು ಸಲ ಆಗಿದ್ದೆ," ಎಂದೆ, ಪಿಸುದನಿಯಲ್ಲಿ. ಗಂಟಲಿನ ಆಪರೇಷನ್ ಆದಮೇಲೆ ನನಗೆ ಉಳಿದದ್ದು ಅಷ್ಟೇ ದನಿ.

ನ್ಯಾಯಾಧೀಶ, ಪಾದ್ರಿ, ಕುಡುಕ ಮಾವ, ಎಲ್ಲವೂ ಆಗಿದ್ದೇನೆ. ಒಂದೊಂದಕ್ಕೂ ಬೇರೆ ಬೇರೆ ದನಿ. ಮುಖ ಎಲ್ಲರಿಗೂ ಗೊತ್ತು; ಲೆಸ್ಟರ್ ಪಿಂಕಸ್ ಎಂಬ ಹೆಸರು ಯಾರಿಗೂ ಗೊತ್ತಿಲ್ಲ. ಅದಕ್ಕೆ ಬೇಸರಪಟ್ಟವನಲ್ಲ. ದನಿ ಹೋದಮೇಲೆ ಮಾತ್ರ, ಇನ್ನು ಯಾರೂ ಕರೆಯುವುದಿಲ್ಲವೆಂಬ ಭಯ ಒಳಗೆ ಕೂತಿತ್ತು.

ಆದರೂ ಕರೆ ಬಂತು. ಹಳೆಯ ಗೆಳತಿ ವರ್ನಾ ನಾಯಕಿಯಾಗಿದ್ದ ಹಾಸ್ಯ ಧಾರಾವಾಹಿಯಲ್ಲಿ ಬೀಗ ರಿಪೇರಿಯವನ ಪಾತ್ರ. ಬೀಗ ಕೆಟ್ಟಿದೆಯೆಂದು ಅವಳು ಹೊರಗೆ ನಿಂತು ಗೋಳಾಡುತ್ತಾಳೆ. ನಾನು ಹಿಡಿ ತಿರುಗಿಸುತ್ತೇನೆ, ಬಾಗಿಲು ತೆರೆಯುತ್ತದೆ. "ಬೀಗವೇ ಹಾಕಿಲ್ವಲ್ಲಮ್ಮ." ಇದೊಂದೇ ಮಾತು.

ಸೋಮವಾರ ಎಲ್ಲರೂ ಮೇಜಿನ ಸುತ್ತ ಕೂತು ಆ ವಾರದ ಸಂಭಾಷಣೆ ಓದುತ್ತೇವೆ. ಯಾವ ಮಾತಿಗೆ ನಗು ಬರಲಿಲ್ಲವೋ ಅದು ಮಧ್ಯಾಹ್ನದೊಳಗೆ ಮಾಯ. ನನ್ನ ಪಿಸುದನಿ ಮೇಜಿನ ಆ ತುದಿಗೆ ತಲುಪಲೇ ಇಲ್ಲ. ಜೀವನವಿಡೀ ಮೌನವನ್ನು ಪ್ರೀತಿಸಿದವನು ನಾನು; ಆ ಮೌನಕ್ಕೆ ಹೆದರಿದೆ.

"ಯಾಕೋ ಲೆಸ್ಟರ್, ಬೀಗದ ಕಿವೀಲಿ ಗುಟ್ಟು ಹೇಳ್ತಿದೀಯಾ?" ಎಂದಳು ವರ್ನಾ. ಅದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನದೊಳಗೆ ನನ್ನ ಆ ಒಂದು ಮಾತೂ ಹೋಯಿತು. ನಿರ್ದೇಶಕ ಡೆಸ್ಮಂಡ್ ಪಕ್ಕಕ್ಕೆ ಕರೆದು, "ಶುಕ್ರವಾರ ಜನರ ಮುಂದೆ ಎರಡು ಸಲ ಚಿತ್ರೀಕರಿಸ್ತೀವಲ್ಲ, ಮೊದಲನೇ ಸಲ ನೀನು ಸುಮ್ನೆ ಬಾಗಿಲು ತೆಗಿ. ಜನ ನಗದಿದ್ರೆ ಎರಡನೇ ಸಲ ವರ್ನಾನೇ ತೆಗೀತಾಳೆ. ಬೇಜಾರು ಮಾಡ್ಕೋಬೇಡ ಮಾರಾಯ," ಎಂದ.

ಶುಕ್ರವಾರ ಹಿಡಿ ತಿರುಗಿಸಿದೆ. ಬಾಗಿಲು ತೆರೆಯಿತು. ಬಾಗಿಲನ್ನು ನೋಡಿದೆ, ವರ್ನಾಳನ್ನು ನೋಡಿದೆ. ಯಾರೂ ನಗಲಿಲ್ಲ. ಮುಂದಿನ ಮಾತು ಅವಳದು. ಇನ್ನೊಬ್ಬರ ನಗು ಮುಗಿಯುವ ಮೊದಲೇ ತನ್ನ ಮಾತು ತೂರಿಸುವವಳೆಂದೇ ಅವಳಿಗೆ ಹೆಸರು. ಅವಳು ಬಾಯಿ ತೆರೆದವಳು ಹಾಗೆಯೇ ನಿಂತಳು.

ಮೌನ ಬೆಳೆಯಿತು. ಅದರೊಳಗೆ ನನಗೆ ಜಾಗವಿದೆ ಎನಿಸಿತು. ಚೀಲದಿಂದ ಅತಿ ಚಿಕ್ಕ ಸ್ಕ್ರೂಡ್ರೈವರ್ ತೆಗೆದೆ, ನೋಡಿದೆ, ಒಳಗಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಗಿಲನ್ನು ಮೆಲ್ಲಗೆ ಮತ್ತೆ ಮುಚ್ಚಿ, ಅವಳ ಮರ್ಯಾದೆ ಉಳಿಸುವವನಂತೆ ಪಕ್ಕಕ್ಕೆ ಸರಿದೆ. ಆಗ ನಗು ಉಕ್ಕಿತು. ಕೊನೆಯವನು ನಕ್ಕು ಮುಗಿಸುವ ತನಕ ವರ್ನಾ ಕಾದಳು.

ಎರಡನೇ ಸಲವೂ ಬಾಗಿಲು ತೆಗೆದವನು ನಾನೇ.

ಆಮೇಲೆ ಸೆಟ್ಟಿನ ಹಿಂದೆ, "ಥ್ಯಾಂಕ್ಸ್ ಕಣೇ," ಎಂದೆ.

"ಯಾತಕ್ಕೋ ಮುದುಕ? ನನ್ನ ಮಾತು ಮರೆತುಹೋಗಿತ್ತು, ಅಷ್ಟೆ."

ಅವಳು ಮಾತು ಮರೆತದ್ದನ್ನು ಯಾರೂ ಕಂಡಿಲ್ಲ. ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು.

"ಮುಂದಿನ ವಾರದ ಕತೇಲಿ ನಮ್ಮನೆ ನಲ್ಲಿ ಸೋರ್ಬೇಕು ಅಂತ ಬರಹಗಾರರಿಗೆ ಹೇಳಿದೀನಿ. ರಿಪೇರಿಗೆ ಬರ್ತೀಯಾ?"

ಹೂಂ ಎಂಬಂತೆ ತಲೆಯಾಡಿಸಿದೆ. ದನಿ ಇದ್ದಿದ್ದರೂ ಅಷ್ಟೇ ಮಾಡುತ್ತಿದ್ದೆ.