ಪಾರಣೆಯ ಹೊತ್ತು

ಸಹೃದಯ ವಾಚಕ ಮಹಾಶಯರೇ, ತಾವು ಈ ಕತೆಯ ಹೊಸ್ತಿಲು ದಾಟುವ ವೇಳೆಗೆ ಶಕುಂತಲಾಬಾಯಿಯ ಕೈ ಹಸಿಶುಂಠಿಯ ತುಂಡಿನ ಮೇಲೆ ಹೋಗಿ, ಅಲ್ಲಿಯೇ ತಡೆದು ನಿಂತಿದೆ. ದಯಮಾಡಿ ಬಾಗಿಲ ಬಳಿಯೇ ನಿಲ್ಲತಕ್ಕದ್ದು. ಈ ಒಲೆಯ ಹತ್ತಿರ ಈ ದಿನ ಅನ್ಯರು ಸುಳಿಯುವಂತಿಲ್ಲ.

ಅವಳು ಶುಂಠಿಯನ್ನು ಪಕ್ಕಕ್ಕೆ ಸರಿಸಿದಳು. ನೆಲದೊಳಗೆ ಬೆಳೆದ ಹಸಿ ಗಡ್ಡೆ ಯಾವುದೂ ಪಕ್ಕದ ಜೈನರ ಮನೆಗೆ ಹೋಗಬಾರದು. ಉಳ್ಳಾಗಡ್ಡಿ ಹೆಚ್ಚುವ ಈಳಿಗೆಯನ್ನು ಬೆಳಿಗ್ಗೆಯೇ ಹಿತ್ತಿಲಿಗೆ ಹಾಕಿದ್ದಳು. ಪಾತ್ರೆಗಳನ್ನು ಬೂದಿಯಿಂದ ತಿಕ್ಕಿ, ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಹೆಸರುಬೇಳೆಯನ್ನು ಕಾಳುಕಾಳಾಗಿ ನೋಡಿ ಒಲೆಗೇರಿಸಿದ್ದಳು. ಶ್ರಾವಣವಾದ್ದರಿಂದ ಸೊಪ್ಪೂ ಇಲ್ಲ. ಮಳೆಗಾಲದಲ್ಲಿ ಜೈನರು ಸೊಪ್ಪು ತಿನ್ನುವುದಿಲ್ಲ. ಜೀರಿಗೆ, ಕರಿಮೆಣಸು, ತುಪ್ಪ, ಇಷ್ಟರಲ್ಲಿಯೇ ಬೇಳೆಯ ತಿಳಿಸಾರು, ಕಟ್ಟು, ಕುದಿಯಬೇಕು.

ಒಂದೇ ಗೋಡೆಯ ಆಚೆಗಿನ ತ್ರಿಶಲಾಬಾಯಿ ನಸುಕಿನಲ್ಲಿ ತೀರಿಕೊಂಡಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆಂಟರೋ ನೆರೆಯವರೋ ಅನ್ನ ತರಬೇಕು. ಅದೂ ಹೊತ್ತು ಮುಳುಗುವುದರೊಳಗೆ, ಏಕೆಂದರೆ ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕುವುದಿಲ್ಲ. ತನ್ನ ಕೈಯಡುಗೆ ಹೊತ್ತಿಗೆ ಸರಿಯಾಗಿ ಆ ಮನೆಯವರ ಹೊಟ್ಟೆ ಸೇರಬೇಕು. ಶಕುಂತಲಾಬಾಯಿಗೆ ಈ ದಿನ ಬೇಕಾಗಿದ್ದುದು ಅಷ್ಟೇ. ಒಮ್ಮೆ ಅವಳಿಗೆ ಆ ಹೊತ್ತು ತಪ್ಪಿತ್ತು.

ಹೆದ್ದಾರಿಯ ಬದಿಗೆ ಟೈರಿನ ಅಂಗಡಿ ಇಟ್ಟಿದ್ದ ಮಗ ಶಂಕರಲಿಂಗ ಅಡುಗೆಮನೆಯ ಚೌಕಟ್ಟಿಗೆ ಒರಗಿ ನೋಡುತ್ತಿದ್ದನು.

"ಎರಡು ವರ್ಷ ಮಾತಿಲ್ಲ, ಕತಿ ಇಲ್ಲ. ಕರೀಲಾರದ ಮನಿಗಿ ಬುತ್ತಿ ಒಯ್ಯೂದ್ಯಾಕವ್ವಾ?"

"ಸತ್ತ ಮನಿಯವರು ಕರ್ಕೋತ ಬರ್ತಾರೇನೋ?" ಎಂದಳು ಅವಳು, ಬೇಳೆಯಿಂದ ಕಣ್ಣು ತೆಗೆಯದೆ.

ಎದುರು ಮನೆಯ ಜೈನಬಿ ಸತ್ತ ಮನೆಗೆ ಹೂವು ಕೊಟ್ಟು ಹಿಂದಿರುಗುವಾಗ ಒಳಗೆ ಇಣುಕಿದಳು. ಕಟ್ಟಿನ ವಾಸನೆ ಹಿಡಿದು, ಕಣ್ಣೊರೆಸಿಕೊಳ್ಳುತ್ತಲೇ, ಇಷ್ಟು ದಿನ ಎಲ್ಲಿ ಹೋಗಿತ್ತು ಈ ಒಲೆ ಎಂದು ಕೇಳಿದಳು.

*

ಆ ಇಬ್ಬರು ಹೆಂಗಸರು ಹಬ್ಬದ ದಿನ ಒಮ್ಮೆಯೂ ಕೂಡಿ ಕುಳಿತು ಉಂಡವರಲ್ಲ. ತ್ರಿಶಲಾಬಾಯಿಯ ಊಟ ಸೂರ್ಯನೊಂದಿಗೆ ಮುಗಿಯುತ್ತಿತ್ತು. ಶಕುಂತಲಾಬಾಯಿಯ ಶ್ರಾವಣ ಸೋಮವಾರದ ಊಟವೋ, ದೇವರ ಮುಂದೆ ಸಂಜೆಯ ದೀಪ ಹಚ್ಚಿದ ಮೇಲೆಯೇ ಆರಂಭವಾಗಬೇಕು. ಒಬ್ಬಳು ಬಾಯಿ ಮುಕ್ಕಳಿಸಿ ಕೂತಾಗ ಇನ್ನೊಬ್ಬಳು ತಾಟು ಹಾಕಿಕೊಳ್ಳುತ್ತಿದ್ದಳು. ಆದರೂ ಪ್ರತಿ ಸೋಮವಾರ ಹಗಲೇ ಹೋಳಿಗೆ ಬೇಯಿಸಿ, ಮುಚ್ಚಿ, ಗೋಡೆಯ ಮೇಲಿಂದ ದಾಟಿಸುತ್ತಿದ್ದವಳು ತ್ರಿಶಲಾಬಾಯಿಯೇ. ಬಳಿಕ ಗೋಡೆಗೆ ಗದ್ದವೂರಿ, ಗೆಳತಿ ಉಣ್ಣುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಸಿಹಿ ಸರಿಯಾಗಿದೆಯೋ ಇಲ್ಲವೋ ಎಂದು ಉಂಡವಳೇ ಹೇಳಬೇಕಾಗಿತ್ತು.

ಏಕಾದಶಿಯ ದಿನ ಸಾಬೂದಾಣಿ ಖಿಚಡಿ, ಗೆಣಸು, ಆಲೂಗಡ್ಡೆಯ ಪಲ್ಯ, ಹುರಿದ ಶೇಂಗಾ, ಬಾಳೆಹಣ್ಣು ಇಷ್ಟನ್ನೂ ಸಾಲಾಗಿ ಇಟ್ಟುಕೊಂಡ ಶಕುಂತಲಾಬಾಯಿಯನ್ನು ಕಂಡು ತ್ರಿಶಲಾಬಾಯಿಗೆ ನಗು ತಡೆಯುತ್ತಿರಲಿಲ್ಲ.

"ಉಪವಾಸ ಇಲ್ಲದ ದಿವಸ ಇದರ ಅರ್ಧಾನೂ ಉಣ್ಣಂಗಿಲ್ಲ ನೀ, ಶಕ್ಕೂ."

"ನಮ್ಮ ದೇವರಿಗಿ ಕರುಣಾ ಅದ. ನಿಮ್ಮವರಂಗ ಅಲ್ಲ."

ಭಾದ್ರಪದದ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಮಾತ್ರ ನಗುವಿರುತ್ತಿರಲಿಲ್ಲ. ತ್ರಿಶಲಾಬಾಯಿ ಕಾಯಿಸಿ ಆರಿಸಿದ ನೀರಿನ ಮೇಲೆ ದಿನಗಳನ್ನು ನೂಕುತ್ತಿದ್ದಳು. ಅನಂತ ಚತುರ್ದಶಿ ಕಳೆದ ಮರುದಿನ ಬೆಳಿಗ್ಗೆ ಪಾರಣೆ, ಎಂದರೆ ಉಪವಾಸ ಬಿಡುವ ಗಳಿಗೆ. ಆಗ ಮೊದಲ ಗುಟುಕು ಶಕುಂತಲಾಬಾಯಿ ಕಾಸಿದ ಹೆಸರುಬೇಳೆಯ ಕಟ್ಟೇ ಆಗಬೇಕು, ಅವಳೇ ಬಟ್ಟಲಿಗೆ ಹಾಕಬೇಕು. ಈ ಪದ್ಧತಿ ಯಾವಾಗ ಶುರುವಾಯಿತೆಂಬುದು ಇಬ್ಬರಿಗೂ ನೆನಪಿರಲಿಲ್ಲ.

*

ಮಧ್ಯಾಹ್ನ ಹೆಣ ಎತ್ತಿದರು. ಬಸವಕಲ್ಯಾಣದ ಮೇಲೆ ಮೋಡ ಕವಿದು ಸಣ್ಣಗೆ ಜಿನುಗುತ್ತಿತ್ತು. ಪಾತ್ರೆ ಅಂಗಡಿಯ ಸಂಜುಕುಮಾರ, ತ್ರಿಶಲಾಬಾಯಿಯ ಒಬ್ಬನೇ ಮಗ, ಮುಂದೆ ನಡೆದನು. ಶಕುಂತಲಾಬಾಯಿ ತನ್ನ ಬಾಗಿಲಲ್ಲಿ ನಿಂತು ನೋಡಿದಳು. ಬೆಳಿಗ್ಗೆ ಹೆಂಗಸರ ಗುಂಪಿನ ಹಿಂದೆ ನಿಂತು ಮುಖ ನೋಡಿ ಬಂದಿದ್ದಳು. ಅದು ತೀರ ಬತ್ತಿ, ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಹೊಟ್ಟೆಗೆ ಏನೂ ಹತ್ತುತ್ತಿರಲಿಲ್ಲವಂತೆ ಎಂದು ಯಾರೋ ಪಿಸುಗುಟ್ಟಿದ್ದರು.

ಹೆಂಗಸರು ಮನೆ ತೊಳೆದು ಮಿಂದಾದ ಮೇಲೆ, ಅವಳು ಕಟ್ಟಿನ ಪಾತ್ರೆಯನ್ನೂ ಜೋಳದ ರೊಟ್ಟಿಯ ಬುಟ್ಟಿಯನ್ನೂ ಹೊತ್ತು ಆ ಮನೆಯ ಮೆಟ್ಟಿಲೇರಿದಳು. ಸೊಸೆ ಸ್ನೇಹಲ್ ಒದ್ದೆ ತಲೆಗೆ ಸೆರಗು ಹೊದ್ದು ಬಾಗಿಲಿಗೆ ಬಂದಳು. ಅತ್ತೆಯ ಆರೈಕೆಯಲ್ಲಿ ಎಷ್ಟೋ ರಾತ್ರಿ ಎಚ್ಚರವಿದ್ದ ಕಣ್ಣುಗಳು ಗುಳಿಬಿದ್ದಿದ್ದವು.

"ಹುಮನಾಬಾದದಿಂದ ನಮ್ಮ ಅಪ್ಪನ ಮನಿಯವರು ಊಟ ತರಾಕತ್ತಾರ್ರಿ, ಮೌಶಿ."

ಚಿಕ್ಕಮ್ಮನೆಂಬಂತೆ ಮೌಶಿ ಎಂದು ಕರೆದ ಅವಳು ಹೊರಗೆ ಹೋಗೆಂದು ಹೇಳಲಿಲ್ಲ, ಒಳಗೆ ಬಾ ಎಂದೂ ಹೇಳಲಿಲ್ಲ. ಶಕುಂತಲಾಬಾಯಿ ಪಾತ್ರೆಯನ್ನು ಮಗ್ಗುಲಿಗಿಟ್ಟುಕೊಂಡು ಪಡಸಾಲೆಯ ಅಂಚಿನಲ್ಲಿ ಕುಳಿತಳು. ಹುಮನಾಬಾದ ಎಂಬ ಹೆಸರೇ ಅವಳ ಎದೆಗೆ ನಾಟಿತು.

*

ಎರಡು ವರ್ಷದ ಹಿಂದಿನ ಅನಂತ ಚತುರ್ದಶಿಗೆ ಅವಳು ಹುಮನಾಬಾದಿನ ತಮ್ಮ ನಾಗನಾಥನ ಮನೆಗೆ ಗಣಪತಿ ಕಳಿಸಲು ಹೋಗಿದ್ದಳು. ನಾಳೆ ಮೊದಲ ಬಸ್ಸಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಆ ವರ್ಷ ತ್ರಿಶಲಾಬಾಯಿ ಹತ್ತೂ ದಿನದ ಉಪವಾಸ ಹಿಡಿದಿದ್ದಳು. ವಯಸ್ಸಾಯಿತು, ಇದೇ ಕೊನೆಯದು ಎಂದಿದ್ದಳು.

ಬೆಳಿಗ್ಗೆ ಹೊರಟು ನಿಂತವಳನ್ನು ತಮ್ಮನ ಹೆಂಡತಿ ಕೈ ಹಿಡಿದು ಕೂರಿಸಿದಳು. ಕಡಬು ಕುದಿಯುತ್ತಿವೆ, ತವರಿನಿಂದ ಹಸಿದು ಹೋಗಬಾರದು ಎಂದಳು. ಶಕುಂತಲಾಬಾಯಿ ಒಲ್ಲೆನೆಂದಳು; ಮತ್ತೊಮ್ಮೆ ಕರೆಯಿಸಿಕೊಳ್ಳುವ ಆಸೆಯಿಂದ ಇನ್ನೊಮ್ಮೆ ಒಲ್ಲೆನೆಂದಳು. ಗಂಡನಿಲ್ಲದ ಮೇಲೆ ಹಾಗೆ ಒತ್ತಾಯ ಮಾಡುವವರು ಅವಳಿಗೆ ಯಾರೂ ಇರಲಿಲ್ಲ. ಕಡಬು ಉಂಡಳು, ತುಪ್ಪ ಹಾಕಿಸಿಕೊಂಡಳು, ಎಲೆ ಅಡಿಕೆ ಹಾಕಿಕೊಂಡು ಹಳೆಯ ಮಾತು ತೆಗೆದಳು. ಬಸ್‌ಸ್ಟ್ಯಾಂಡಿಗೆ ಬಂದಾಗ ಬಸ್ಸು ಹೋಗಿತ್ತು. ಮಧ್ಯಾಹ್ನ ಬಂದ ಮುಂದಿನದು ದಾರಿಯಲ್ಲಿ ಕೆಟ್ಟು ಸಂಜೆಯವರೆಗೆ ನಿಂತಿತು. ಓಣಿಯೊಳಗೆ ಕಾಲಿಟ್ಟಾಗ ಬೀದಿದೀಪ ಹತ್ತಿದ್ದವು.

ತ್ರಿಶಲಾಬಾಯಿ ಗೋಡೆಗೊರಗಿ ಕುಳಿತಿದ್ದಳು. ಬೆಳಗಿನಿಂದ ಎಲ್ಲರೂ ಬೇಡಿಕೊಂಡರೂ ಅವಳು ಬಾಯಿ ತೆರೆದಿರಲಿಲ್ಲ.

"ಬಂದ್ಯಾ? ನಾಳಿ ಕುಡೀತೀನಿ, ತಗೋ," ಎಂದಷ್ಟೇ ಅಂದಳು.

ಬೆಳಗಾಗುವುದರೊಳಗೆ ಎಚ್ಚರ ತಪ್ಪಿತು, ದವಾಖಾನೆಗೆ ಒಯ್ದು ಸಲಾಯಿನ್ ಹಚ್ಚಿದರು. ಆ ಬಾಗಿಲಲ್ಲಿಯೇ ಸ್ನೇಹಲ್ ಮೆಲ್ಲಗೆ, ದನಿಯೇರಿಸದೆ ಹೇಳಿದ್ದಳು: "ಮೌಶಿ, ನೀವು ಉಂಡ ಬಂದ್ರಿ. ಅವರು ನಿಮ್ಮ ಸಲುವಾಗಿ ಕುಂತಿದ್ರು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು. ನಾಚಿಕೆಯೇ ಹುಳಿತು ಸಿಟ್ಟಾಯಿತು. ಚೇತರಿಸಿಕೊಂಡ ತ್ರಿಶಲಾಬಾಯಿ ದೀವಳಿಗೆಯಲ್ಲಿ ಒಂದು ಡಬ್ಬಿ ಲಾಡು ಕಳಿಸಿದಳು. ಹಬ್ಬದಲ್ಲಿ ಬಂದ ಡಬ್ಬಿಯನ್ನು ಬರಿದಾಗಿ ಮರಳಿಸುವವರು ಆ ಓಣಿಯಲ್ಲಿಲ್ಲ. ಶಕುಂತಲಾಬಾಯಿ ಅದನ್ನು ತೊಳೆದು, ಒಂದು ಚಿಟಿಕೆ ಸಕ್ಕರೆಯನ್ನೂ ಹಾಕದೆ ಕಳಿಸಿದಳು. ಬಳಿಕ ಗೋಡೆಯ ಆಚೆಯಿಂದ ಏನೂ ಬರಲಿಲ್ಲ. ಸಿಟ್ಟಾಗಿದ್ದಾಳೆಂದು ಇವಳು ತಿಳಿದಳು. ಹೋಗಬೇಕೆಂದುಕೊಂಡ ದಿನಗಳಿಗೆ ಲೆಕ್ಕವಿರಲಿಲ್ಲ.

*

ಚಿತೆಯ ಕಟ್ಟಿಗೆ ಒದ್ದೆಯಾಗಿದ್ದುದರಿಂದ ಗಂಡಸರು ಮರಳುವುದು ತಡವಾಯಿತು. ಅಷ್ಟರಲ್ಲಿ ಫೋನು ಬಂದಿತು: ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡಬಿದ್ದು, ಹುಮನಾಬಾದಿನವರ ಜೀಪು ಇನ್ನೂ ಹುಡಗಿ ಊರಿನ ಹತ್ತಿರವೇ ನಿಂತಿದೆ. ಸ್ನೇಹಲ್ ಆಕಾಶ ನೋಡಿದಳು. ಮೋಡದೊಳಗೆ ಸೂರ್ಯ ಎಲ್ಲಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ. ಅವಳು ಪಡಸಾಲೆಗೆ ಬಂದು ಶಕುಂತಲಾಬಾಯಿಯ ಪಾತ್ರೆಯ ಮುಚ್ಚಳ ತೆಗೆದಳು. ತೆಗೆದ ಕೈಯಲ್ಲಿ ಮುಚ್ಚಳ ಹಾಗೆಯೇ ಉಳಿಯಿತು.

"ಹೆಸರಬ್ಯಾಳಿ ಏನ್ರಿ?"

"ಹೌದವ್ವಾ. ನಿಮಗ ನಡೀವಂಗನ ಮಾಡೀನಿ. ಬ್ಯಾರೇ ಏನೂ ಹಾಕಿಲ್ಲ."

"ಎರಡು ವರ್ಷ ಆತು, ಈ ಮನ್ಯಾಗ ಹೆಸರಬ್ಯಾಳಿ ಬೇಯಿಸಿಲ್ಲ." ಸ್ನೇಹಲ್ ನೆಲಕ್ಕೆ ಕುಳಿತಳು. "ಅತ್ತಿ ನೇಮ ಮಾಡಿದ್ರು. ಶಕುಂತಲಾ ತಾನಾಗಿ ಬಂದು ಕೈಲೆ ಹಾಕೂತನಾ ಮುಟ್ಟಂಗಿಲ್ಲ ಅಂತ. ಕಡೀಕ ಡಾಕ್ಟರು ಬ್ಯಾರೇ ಏನೂ ಹತ್ತೂದಿಲ್ಲ, ಕಟ್ಟು ಕುಡಸ್ರಿ ಅಂದ್ರು. ಅತ್ತಿ ತುಟಿ ಬಿಗಿ ಹಿಡದ್ರು."

ಶಕುಂತಲಾಬಾಯಿ ನಡುವಿನ ಗೋಡೆಯ ಕಡೆ ಕೈ ತೋರಿಸಿದಳು.

"ಒಂದ ಗ್ವಾಡಿ, ಸ್ನೇಹಲ್. ಗ್ವಾಡಿ ಮ್ಯಾಲಿಂದ ಒಂದ ಮಾತು ಅಂದಿದ್ರ..."

"ಹೇಳಿ ಕರಸಿದ್ರ ಅದು ನೇಮ ಹ್ಯಾಂಗ ಆಗ್ತದ ಅಂದ್ರು. ನನಗ ಆಣಿ ಹಾಕಿದ್ರು." ಅವಳು ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು. "ಆಣಿ ಮುರೀಬೇಕು ಅಂತ ಎಷ್ಟೋ ಸಲ ನಿಮ್ಮ ಬಾಗಲತನಾ ಬಂದೀನ್ರಿ. ಖಾಲಿ ಡಬ್ಬಿ ನೆನಪಾಗಿ ಹಿಂದಕ ಹೋಗೀನಿ."

ಅಷ್ಟರಲ್ಲಿ ಗಂಡಸರು ಬಂದರು, ಹಿತ್ತಿಲಲ್ಲಿ ನೀರು ಹೊಯ್ದುಕೊಂಡರು. ಮಾತಿಗೆ ಸಮಯವಿರಲಿಲ್ಲ. ಶಕುಂತಲಾಬಾಯಿ ಸೆರಗು ಬಿಗಿದು ತಾಟುಗಳನ್ನು ಹಾಕಿದಳು, ಯಾರೂ ಬೇಡವೆನ್ನಲಿಲ್ಲ. ಸಂಜುಕುಮಾರ ಮೊದಲ ಗುಟುಕು ಕುಡಿದು, ಮುಖ ಆ ಕಡೆ ತಿರುಗಿಸಿಕೊಂಡು, ಎರಡನೆಯ ಸಲ ಬಟ್ಟಲು ಮುಂದೆ ಚಾಚಿದನು. ಹಿರಿಯರು, ಮಕ್ಕಳು, ಹೆಂಗಸರು ಅವಸರವಸರವಾಗಿ ಉಂಡರು. ರೊಟ್ಟಿಯ ಬುಟ್ಟಿ ಬರಿದಾಗುತ್ತ ಬಂದಂತೆ ಅವಳ ಎದೆಯ ಭಾರ ಇಳಿಯುವುದರ ಬದಲು ಏರುತ್ತಿತ್ತು.

ಎಲ್ಲರಿಗೂ ಆದ ಮೇಲೆ ಅವಳು ಇನ್ನೊಂದು ತಾಟು ತೆಗೆದು, ತ್ರಿಶಲಾಬಾಯಿ ಒರಗಿ ಕೂರುತ್ತಿದ್ದ ಗೋಡೆಯ ಬುಡಕ್ಕೆ ಇಟ್ಟಳು. ಬಟ್ಟಲಿಗೆ ಕಟ್ಟು ಹಾಕಿ ಕೈಮುಗಿದಳು. ಅವಳ ಮನೆಯಲ್ಲಿ ಸತ್ತವರಿಗೆ ಎಡೆ ಇಡದೆ ಯಾರೂ ಏಳುವುದಿಲ್ಲ.

ಸಂಜುಕುಮಾರ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತನು.

"ಮೌಶಿ, ನಮ್ಮಲ್ಲಿ ಸತ್ತವರಿಗಿ ಎಡಿ ಇಡೂದಿಲ್ರಿ. ಜೀವ ಆಗಲೇ ಬ್ಯಾರೇ ಕಡಿ ಹುಟ್ಟಿರ್ತದ. ಇಲ್ಲಿ ಇಟ್ಟದ್ದು ಅವ್ವಗ ಮುಟ್ಟೂದಿಲ್ಲ."

"ಹಂಗಾರ ನಾ ಯಾರಿಗಿ ಹಾಕ್ಲಪಾ?"

ಎಲ್ಲರಿಗೂ ನೀರು ಕೊಡುತ್ತ ನಿಂತಿದ್ದ ಸ್ನೇಹಲ್ ಬಂದು ಆ ತಾಟಿನ ಮುಂದೆಯೇ ಕುಳಿತಳು. ನಿನ್ನೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಇದನ್ನ ನಾ ಕುಡೀತೀನಿ, ಕೊಡ್ರಿ."

ಶಕುಂತಲಾಬಾಯಿ ಬಟ್ಟಲು ಮುಟ್ಟಿ ನೋಡಿದಳು. ಕಟ್ಟು ತಣ್ಣಗಾಗಿ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಹಸಿದ ಹುಡುಗಿಗೆ, ಈ ಬಟ್ಟಲಿನಲ್ಲಿ, ಇಂಥ ತಣ್ಣನೆಯದನ್ನು ಹೇಗೆ ಕುಡಿಸುವುದು?

"ಒಂದ ಗಳಿಗಿ ತಡಿಯವ್ವಾ, ಬಿಸಿ ಮಾಡಿ ತರ್ತೀನಿ," ಎಂದು, ಸ್ನೇಹಲ್ ಬೇಡವೆನ್ನುವುದರೊಳಗೆ, ಬಟ್ಟಲೆತ್ತಿಕೊಂಡು ತನ್ನ ಮನೆಗೆ ಓಡಿದಳು. ಒಲೆ ಹಚ್ಚಿದಳು. ಕುದಿ ಬರಲೆಂದು ಕಾದಳು. ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು. ಸೆರಗಿನಲ್ಲಿ ಹಿಡಿದು ತಂದು ತಾಟಿನಲ್ಲಿಟ್ಟಳು.

ಸ್ನೇಹಲ್ ಬಟ್ಟಲಿಗೆ ಕೈ ಹಾಕಿದಾಗ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ಹೊರಗೆ ಮೋಡ ಮೊದಲಿನಂತೆಯೇ ಬೂದು ಬಣ್ಣವಾಗಿತ್ತು, ಆದರೆ ಹೊತ್ತು ಮುಳುಗಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಬಳಿಕ, ಈ ದಿನ ಶ್ರಾವಣ ಸೋಮವಾರವೆಂಬುದು ನೆನಪಾಗಿ, ತಾಟನ್ನು ಎದುರಿಗೆ ಸರಿಸಿದಳು.

"ನಿಮ್ಮ ಹೊತ್ತು ಆತು, ಮೌಶಿ. ಉಣ್ರಿ."

ಕತೆ ಹೇಳುವವನಿಗೆ ಇನ್ನು ಈ ಓಣಿಯಲ್ಲಿ ಕೆಲಸವಿಲ್ಲ. ಅವನು ತನ್ನ ಕತೆಗಳ ಚೀಲದ ಬಾಯಿ ಬಿಗಿದು, ಹೆಗಲಿಗೇರಿಸಿ, ಹುಲಸೂರಿನ ಬಸ್ಸಿನತ್ತ ಹೊರಟನು. ತೆರೆದ ಬಾಗಿಲೊಳಗೆ ಇಬ್ಬರು ಹೆಂಗಸರು ಒಂದು ತಾಟಿನ ಆಚೀಚೆ ಕುಳಿತಿದ್ದರು. ನಡುವೆ ಬಟ್ಟಲಿನಿಂದ ಆವಿ ಏಳುತ್ತಲೇ ಇತ್ತು.